ಓಣಿಗೆಲ್ಲ ಒಂದೇ ನಂಬರು

ಫೋನು ಗುಂಯ್ ಎಂದರೆ ಇವತ್ತಿಗೂ ನನ್ನ ಎದೆ ಝಲ್ಲೆನ್ನುತ್ತದೆ. ನಾನು ಮೊದಲೇ ಅಂಜುಬುರುಕಿ. ಹಲ್ಲಿ ಲೊಚಗುಟ್ಟಿದರೂ ಹಿಂತಿರುಗಿ ನೋಡುವವಳು. ಇಂಥವಳ ಕೈಗೆ ಇಡೀ ಓಣಿಯ ಬದುಕು ಸಿಕ್ಕಿಕೊಂಡದ್ದು ಹೇಗೆ ಎಂದು ಕೇಳಿದರೆ, ಕೊಟ್ಟೂರಿನ ನಮ್ಮ ಓಣಿಯ ತಿರುವಿನಲ್ಲಿರುವ ಬೇವಿನ ಮರವನ್ನು ತೋರಿಸುತ್ತೇನೆ. ಆಧಾರ್ ಮಾಡುವವರು ಮೊದಲ ಸಲ ಬಂದು ಮಷಿನ್ ಇಟ್ಟುಕೊಂಡು ಕೂತದ್ದು ಆ ಮರದ ಕೆಳಗೆ.

ಆಗಷ್ಟೇ ನಾನು ತಂಬ್ರಹಳ್ಳಿಯಿಂದ ಮದುವೆಯಾಗಿ ಬಂದಿದ್ದೆ. ಹಗರಿಬೊಮ್ಮನಹಳ್ಳಿಯ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು. ದಿನಾ ಬಸ್ಸಿನಲ್ಲಿ ಓಡಾಡುವವಳು ಎಂದು ಗಂಡ ಫೋನು ಕೊಡಿಸಿದ್ದರು. ಓಣಿಯಲ್ಲಿ ಬೇರೆ ಯಾರಿಗೂ ಫೋನಿರಲಿಲ್ಲ ಎಂದಲ್ಲ. ವೆಲ್ಡಿಂಗ್ ಅಂಗಡಿಯವರು, ಗ್ಯಾರೇಜಿನವರು, ಟೇಲರುಗಳು, ಎಲ್ಲರ ಜೇಬಿನಲ್ಲೂ ಇತ್ತು. ಆದರೆ ಯಾವ ಕಂಪನಿ ಪುಕ್ಕಟೆ ಸಿಮ್ ಕೊಟ್ಟರೂ ಅವರು ಹಳೆಯದನ್ನು ಬಿಸಾಕಿ ಹೊಸದನ್ನು ಹಾಕಿಕೊಳ್ಳುತ್ತಿದ್ದರು. ಬದಲಾಗದೆ ಉಳಿದ ನಂಬರು ನನ್ನದೊಂದೇ. ಮಷಿನ್ ಮುಂದೆ ಕೂತಿದ್ದವನು ಮೊಬೈಲ್ ನಂಬರ್ ಕೇಳಿದಾಗ ಪಕ್ಕದ ಮನೆಯ ಖಾಲಾ ನನ್ನ ಕಡೆ ಬೆರಳು ತೋರಿಸಿದಳು.

"ಈಕೀದು ಬರ್ಕಳಪ. ಈಕೀದು ಬದ್ಲಾಗಂಗಿಲ್ಲ."

ಖಾಲಾ ವೆಲ್ಡಿಂಗ್ ಅಂಗಡಿಯವರ ಮನೆಯಾಕೆ. ಖಾಲಾ ಅಂದರೆ ಅವರಲ್ಲಿ ಚಿಕ್ಕಮ್ಮ. ನನಗೆ ರಕ್ತಸಂಬಂಧವೇನೂ ಅಲ್ಲ, ಆದರೂ ಓಣಿಗೆಲ್ಲ ಆಕೆ ಖಾಲಾನೇ. ಆಕೆಯ ಹಿಂದೆ ನಿಂತಿದ್ದವರೂ ನಮದೂ ಅದೇ, ನಮದೂ ಅದೇ ಎಂದರು. ನಾನು ನಕ್ಕು ನಂಬರು ಹೇಳಿದೆ. ಹೊಸ ಸೊಸೆಗೆ ಏನೋ ದೊಡ್ಡಸ್ತಿಕೆ ಬಂದಂತಾಗಿತ್ತು.

ಅಲ್ಲಿಂದ ನನ್ನ ಅಡುಗೆಮನೆಯ ಕಿಟಕಿಯೇ ಓಣಿಯ ಕಚೇರಿಯಾಯಿತು. ರೇಷನ್ ಕಾರ್ಡಿಗೆ, ಗ್ಯಾಸಿಗೆ, ಮಕ್ಕಳ ಸ್ಕಾಲರ್‌ಶಿಪ್ಪಿಗೆ, ಏನೇ ಇದ್ದರೂ ಒಟಿಪಿ ಬರುವುದು ನನ್ನ ಫೋನಿಗೆ. ಕಿಟಕಿಯ ಸರಳು ಹಿಡಿದು "ಅಕ್ಕಾ, ನಂಬರ್ ಬಂತೇನ್ರಿ?" ಎನ್ನುವುದು, ನಾನು ಒಗ್ಗರಣೆ ಬಿಟ್ಟು ಹೇಳುವುದು. ಆಮೇಲೆ ಆನ್‌ಲೈನ್ ಸಾಮಾನು ಶುರುವಾದ ಮೇಲಂತೂ ಪಾರ್ಸಲ್ ತರುವವರು ವಿಳಾಸ ಓದುವುದನ್ನೇ ಬಿಟ್ಟರು. ಎಲ್ಲದರ ಮೇಲೂ ನನ್ನ ನಂಬರೇ ಇದ್ದುದರಿಂದ ನೇರ ನನ್ನ ಕಿಟಕಿಗೇ ಬರುತ್ತಿದ್ದರು. ಯಾರ ಮಂಡಿಗೆ ಪಟ್ಟಿ ಬಂತು, ಯಾರ ತಲೆಗೆ ಕೂದಲು ಬೆಳೆಯುವ ಎಣ್ಣೆ ಬಂತು ಎನ್ನುವುದೆಲ್ಲ ಗೊತ್ತಿದ್ದೂ ಬಾಯಿ ಬಿಡದೆ ಬದುಕಿದ್ದೇನೆ. ಬಸ್ಸಿನಲ್ಲಿ ಕೂತು ಫೋನಿನಲ್ಲಿ ನಂಬರುಗಳನ್ನು ಕೂಗಿ ಹೇಳುವಾಗ ಪಕ್ಕದವರು ನನ್ನನ್ನು ಮಟ್ಕಾ ಬರೆಯುವವಳು ಎಂದುಕೊಂಡದ್ದೂ ಉಂಟು.

ನಂಬರು ಬದಲಿಸಿಕೊಳ್ಳಿ ಎಂದು ನಾನು ಹೇಳದೆ ಇರಲಿಲ್ಲ. ಅದಕ್ಕೆ ಸೆಂಟರಿಗೆ ಹೋಗಬೇಕು, ಪಾಳಿ ಹಚ್ಚಬೇಕು, ಒಂದು ದಿನದ ಕೆಲಸ ಕೆಡಬೇಕು. ಕಿಟಕಿ ಹತ್ತಿರವಿತ್ತು. ಹಾಗಾಗಿ ಯಾರೂ ಹೋಗಲಿಲ್ಲ.

ಆ ಮಧ್ಯಾಹ್ನ ನನಗೆ ರಜೆ, ಗಂಡ ಡ್ಯೂಟಿಗೆ ಹೋಗಿದ್ದರು. ಖಾಲಾನ ಮಗಳು ಚಿಗಟೇರಿಯಿಂದ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬೆಳಿಗ್ಗೆಯೇ ಬೇನೆ ಶುರುವಾಗಿ, ಅಣ್ಣ ಆಕೆಯನ್ನು ಕಾರಿನಲ್ಲಿ ಹರಪನಹಳ್ಳಿಗೆ ಕರೆದೊಯ್ದಿದ್ದ. ಕೂಸು ಅಡ್ಡ ಆಗಿದೆ, ಇಲ್ಲಿ ಆಗುವುದಿಲ್ಲ ಎಂದು ಅಲ್ಲಿಂದ ದಾವಣಗೆರೆಗೆ ಕಳಿಸಿದರು ಎನ್ನುವ ಸುದ್ದಿಯೂ ಬಂದಿತ್ತು. ಮಂಡಿ ನೋವಿನ ಖಾಲಾ ಮನೆಯಲ್ಲೇ ಉಳಿದು ತಸಬಿಯ ಜಪಮಣಿ ಎಣಿಸುತ್ತ ಕೂತಿದ್ದಳು. ನಾನು ಆಕೆಗೆ ಚಹಾ ಕೊಟ್ಟು ಬಂದು ಪಾತ್ರೆ ತೊಳೆಯುತ್ತಿದ್ದೆ.

ಆಗ ಫೋನು ಬಂತು. ಗುರುತಿಲ್ಲದ ನಂಬರು. ನನಗೆ ಬರುವ ಫೋನುಗಳಲ್ಲಿ ಅರ್ಧ ಗುರುತಿಲ್ಲದವೇ, ಎತ್ತಿದೆ. ಪೊಲೀಸ್ ಇಲಾಖೆಯಿಂದ, ವಿಡಿಯೋ ಹಾಕಿ ಎಂದರು. ಹಾಕಿದೆ. ಖಾಕಿ ಅಂಗಿ, ಹಿಂದೆ ಗೋಡೆಯ ಮೇಲೆ ಲಾಂಛನ, ಮೇಜಿನ ಮೇಲೆ ಟೋಪಿ.

"ಮೇಡಂ, ನಿಮ್ಮ ಒಂದೇ ನಂಬರಿಗೆ ಎಷ್ಟು ಜನರ ಆಧಾರ್ ಸೇರಿಕೊಂಡಿದೆ ಅಂತ ನಿಮಗೆ ಗೊತ್ತಿದೆಯಾ?"

ಪಾರ್ಸಲ್‌ನಲ್ಲಿ ಗಾಂಜಾ ಸಿಕ್ಕಿದೆ ಎಂದಿದ್ದರೆ ಬೈದು ಇಟ್ಟುಬಿಡುತ್ತಿದ್ದೆ. ಅಂಥ ಮೋಸದ ಸುದ್ದಿ ಬೇಕಾದಷ್ಟು ಕೇಳಿದ್ದೆ. ಆದರೆ ಆತ ಹೇಳಿದ್ದು ನಿಜವಿತ್ತು. ಯಾರಿಗೆ ಫೋನು ಮಾಡಿದರೂ ಆತ ಅದನ್ನೇ ಹೇಳುತ್ತಿದ್ದನೋ ಏನೋ, ಹೊಳೆದದ್ದು ಆಮೇಲೆ. ಆ ಹೊತ್ತಿಗೆ ಬೇವಿನ ಮರದ ಕೆಳಗೆ ಸಾಲಾಗಿ ನಿಂತಿದ್ದ ಓಣಿಯವರೆಲ್ಲ ಕಣ್ಣಮುಂದೆ ಬಂದರು.

"ಗೊತ್ತೈತ್ರಿ," ಎಂದೆ. ದಡ್ಡಿ, ಒಪ್ಪಿಕೊಂಡೂಬಿಟ್ಟೆ.

ಆತನ ಮುಖ ಬಿಗಿಯಾಯಿತು. ಇದು ದೊಡ್ಡ ಅಪರಾಧ, ನೀವೀಗ ನಮ್ಮ ವಶದಲ್ಲಿದ್ದೀರಿ, ಬಾಗಿಲು ಹಾಕಿ, ಕ್ಯಾಮೆರಾ ಮುಂದಿನಿಂದ ಏಳಬೇಡಿ, ಯಾರೊಂದಿಗೂ ಮಾತಾಡಬೇಡಿ ಎಂದ. ಎದ್ದರೆ ಹತ್ತಿರದ ಠಾಣೆಯವರು ಬಂದು ಕೈಗೆ ಕೋಳ ಹಾಕಿ ಓಣಿಯಲ್ಲೇ ನಡೆಸಿಕೊಂಡು ಹೋಗುತ್ತಾರೆ ಎಂದ. ನಾನು ಬಾಗಿಲು ಹಾಕಿ ಬಂದು ಫೋನನ್ನು ಡಬ್ಬಿಗೆ ಒರಗಿಸಿ ಕೂತೆ. ಕೈಯಲ್ಲಿದ್ದ ಸಾಬೂನಿನ ನೊರೆ ಹಾಗೇ ಒಣಗಿತು. ಬಾಯಿ ಒಣಗಿತ್ತು, ನೀರು ಕುಡಿಯಲೇ ಎಂದು ಕೇಳಿದೆ. ಬೇಡ ಎಂದ. ಕುಡಿಯಲಿಲ್ಲ. ಮನೆಯ ವಿಷಯ, ಆಫೀಸಿನ ವಿಷಯ, ಎಲ್ಲ ಕೇಳಿದ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಕೆಲಸ ಹೋಗುತ್ತದೆ, ಗಂಡ ತಲೆತಗ್ಗಿಸಬೇಕಾಗುತ್ತದೆ, ನನ್ನ ಜೊತೆಗೆ ಖಾಲಾನನ್ನೂ ಎಳೆದುಕೊಂಡು ಹೋದರೆ ಆ ಮಂಡಿ ಹಿಡಿದುಕೊಂಡು ಹೇಗೆ ನಡೆದಾಳು ಎಂದೆಲ್ಲ ಯೋಚನೆ.

ಕೊನೆಗೆ ಆತ, "ಈಗ ನಿಮ್ಮ ಫೋನಿಗೆ ಒಂದು ನಂಬರ್ ಬರುತ್ತೆ. ಅದನ್ನ ನನಗೆ ಹೇಳಿ," ಎಂದ.

ಫೋನು ಗುಂಯ್ ಎಂದಿತು. ಹೇಳಲು ಬಾಯಿ ತೆರೆದೆ. ಪರದೆಯ ಮೇಲ್ತುದಿಯಲ್ಲಿ ಬಂದ ಸಾಲನ್ನು ನೋಡಿದರೆ ಅದು ಆತನದಾಗಿರಲಿಲ್ಲ, ಆಸ್ಪತ್ರೆಯ ಆರೋಗ್ಯ ಕಾರ್ಡಿನದು. ಅದೇ ಹೊತ್ತಿಗೆ ಕಿಟಕಿಯ ಸರಳು ಬಡಿದ ಸದ್ದು.

"ಏ ಅವ್ವಾ! ನಂಬರ್ ಬಂತೇನ? ನಿನ್ ಫೋನ್ ಹತ್ತವಲ್ದಂತ. ಮಗ ನನಗ ಮಾಡ್ಯಾನ. ಕಾರ್ಡ್ ತಗಿಬೇಕಂತ, ಲಗೂನ ಆಪರೇಷನ್ ಆಗ್ಬೇಕಂತ. ಬಾಳ ತ್ರಾಸ್ ಆಗ್ಯಾಳಂತ!"

ಖಾಲಾ ಒಂದು ಕೈಯಲ್ಲಿ ಸರಳು, ಇನ್ನೊಂದು ಕೈಯಲ್ಲಿ ತನ್ನ ಬಟನ್ ಫೋನು ಹಿಡಿದಿದ್ದಳು. ಅದರೊಳಗಿಂದ ಆಕೆಯ ಮಗ ಅಮ್ಮೀ, ಅಮ್ಮೀ ಎಂದು ಕೂಗುವುದು ನನಗೆ ಕೇಳುತ್ತಿತ್ತು.

"ಯಾರದು? ಎದ್ದೇಳಬೇಡಿ!" ಎಂದ ಖಾಕಿಯವನು.

ನಾನು ಎದ್ದೆ. ಇದನ್ನು ಬರೆಯುವಾಗ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಆತ ಸುಳ್ಳು ಪೊಲೀಸ್ ಎಂದು ತಿಳಿದು ನಾನು ಎದ್ದದ್ದಲ್ಲ. ನಿಜವಾದ ಪೊಲೀಸ್ ಎಂದೇ ನಂಬಿದ್ದೆ. ಕೋಳ ಬೀಳುತ್ತದೆ ಎಂದೇ ತಿಳಿದಿದ್ದೆ. ಆ ಹುಡುಗಿ ನಮ್ಮ ಮನೆಯ ಅಂಗಳದಲ್ಲಿ ಕುಂಟಾಬಿಲ್ಲೆ ಆಡಿ ಬೆಳೆದವಳು. ಆಕೆಗೇನಾದರೂ ಆದರೆ ಆಮೇಲೆ ಈ ಕಿಟಕಿ ತೆರೆಯಲು ನನ್ನಿಂದ ಆಗುತ್ತಿರಲಿಲ್ಲ.

"ಒಂದ್ ನಿಮಿಷ ತಡೀರಿ ಸಾಹೇಬ್ರ," ಎಂದು ಫೋನು ಕೈಗೆತ್ತಿಕೊಂಡು ಕಿಟಕಿಗೆ ಹೋದೆ. ಬಂದಿದ್ದ ಅಂಕಿಗಳನ್ನು ಒಂದೊಂದೇ ಓದಿದೆ. ಖಾಲಾ ಒಂದೊಂದನ್ನೇ ತನ್ನ ಫೋನಿನೊಳಗೆ ಕೂಗಿದಳು. ಅತ್ತ ಖಾಕಿಯವನು ಕಿರುಚಾಡುತ್ತಿದ್ದ. ಖಾಲಾ ಅತ್ತಿತ್ತ ನೋಡಿ, "ಯಾರವಾ ಅದು, ಟಿವಿ ಏನ?" ಎಂದಳು. "ಆತು, ಆತು" ಎಂದು ಮಗ ಹೇಳಿದ್ದು ಕೇಳಿದ ಮೇಲೆ ನಾನು ಫೋನು ಕಟ್ ಮಾಡಿ ಬಂದ್ ಮಾಡಿಬಿಟ್ಟೆ. ಆತ ಕೇಳಿದ ನಂಬರು ಬಂದಿತ್ತೋ ಇಲ್ಲವೋ ನೋಡಲೇ ಇಲ್ಲ.

ಆಮೇಲೆ ಪೊಲೀಸರ ದಾರಿ ಕಾಯುತ್ತ ಕೂತೆ. ನಗಬೇಡಿ, ಮುಖ ತೊಳೆದು, ತಲೆ ಬಾಚಿ, ಆಫೀಸಿಗೆ ಉಡುವ ಸೀರೆ ಉಟ್ಟುಕೊಂಡು ಕೂತೆ. ಕರೆದುಕೊಂಡು ಹೋಗುವಾಗ ಓಣಿಯವರ ಎದುರು ಹರಕು ನೈಟಿಯಲ್ಲಿ ಇರಬಾರದು ಎನ್ನುವುದೊಂದೇ ಉಳಿದಿತ್ತು ತಲೆಯಲ್ಲಿ. ಹೊರಗೆ ಯಾವ ಬೈಕು ನಿಂತರೂ ಎದ್ದು ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಸಂಜೆ ಬಂದ ಗಂಡ ಬಾಗಿಲು ಬಡಿದಾಗ, ತೆಗೆದವಳೇ ಯಾರೆಂದು ನೋಡದೆ ಅಳುತ್ತ ಕೋಳಕ್ಕೆ ಎರಡೂ ಕೈ ಮುಂದೆ ಚಾಚಿದೆ.

"ಯಾವನೋ ಕಳ್ಳ ಅವ. ಪೊಲೀಸ್ರು ಹಿಂಗ್ ಫೋನ್‌ನಾಗ ಹಿಡಿಯಂಗಿಲ್ಲ," ಎಂದು ಗಂಡ ಎಷ್ಟು ಹೇಳಿದರೂ ನನಗೆ ನಂಬಿಕೆ ಬರಲಿಲ್ಲ. ಮಾರನೆಯ ದಿನ ಠಾಣೆಗೇ ಕರೆದುಕೊಂಡು ಹೋದರು. ಅಲ್ಲಿದ್ದ ಕಾನ್‌ಸ್ಟೇಬಲ್ ಸಮಾಧಾನದಿಂದ ಕೇಳಿ, "ಗುರ್ತಿಲ್ಲದ ನಂಬರ್ ಎತ್ತಬ್ಯಾಡ್ರಿ ಅಕ್ಕಾರ," ಎಂದರು. ಹ್ಞೂಂ ಎಂದೆ. ಎತ್ತದಿದ್ದರೆ ಓಣಿಯ ಗತಿ ಏನು ಎಂದು ಅವರನ್ನು ಕೇಳಲು ಧೈರ್ಯ ಬರಲಿಲ್ಲ.

ಖಾಲಾನ ಮಗಳಿಗೆ ಆಪರೇಷನ್ ಆಗಿ ಹೆಣ್ಣು ಕೂಸು ಹುಟ್ಟಿತ್ತು. ಇಬ್ಬರೂ ಉಳಿದರು. ನಾನು ಮನೆಮನೆಗೆ ಹೋಗಿ, ನಡೆದದ್ದನ್ನೆಲ್ಲ ಹೇಳಿ, ನಂಬರು ಬದಲಿಸಿಕೊಳ್ಳಿ ಎಂದು ಈ ಸಲ ಕೈಮುಗಿದೇ ಹೇಳಿದೆ. ಕೆಲವರು ಹೋಗಿ ಬದಲಿಸಿಕೊಂಡರು. ಖಾಲಾ ಕೂಡ ಈ ವಾರ, ಮುಂದಿನ ವಾರ ಎನ್ನುತ್ತಿದ್ದಳು.

ಮೊನ್ನೆ ಕೂಸನ್ನು ಎತ್ತಿಕೊಂಡು ಕಿಟಕಿಗೆ ಬಂದಳು. ಟೋಪಿಯೊಳಗೆ ಮುಖ ಕಾಣದಷ್ಟು ಪುಟ್ಟ ಕೂಸು.

"ಇದ್ರ ಕಾರ್ಡಿಗೂ ನಿನ್ ನಂಬರೇ ಬರ್ಸೀವವಾ. ಹುಡ್ರು ಸೆಂಟರ್‌ನಾಗ ನಿಂತಾರ. ಬಂತೇನ ನೋಡು."

ತೊಳೆಯುತ್ತಿದ್ದ ಪಾತ್ರೆ ಕೆಳಗಿಟ್ಟೆ. "ಬ್ಯಾಡ್ರಿ ಖಾಲಾ. ನನಗ ಅಂಜಿಕಿ ಆಗ್ತೈತ್ರಿ. ಖರೇನ ಹೇಳ್ತೀನಿ, ಅವತ್ತಿಂದ ನಿದ್ದಿ ಇಲ್ಲ."

ಖಾಲಾ ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ನನ್ನನ್ನೇ ನೋಡಿದಳು.

"ಅಂಜ್ತೀ ಅಂತ್ಲೇ ಕೊಟ್ಟೀವಿ. ಅಂಜ್ಕೊಂಡೂ ಅವತ್ತು ಎದ್ದು ಬಂದಿ ನೋಡು. ಇದ್ರ ಅಪ್ಪ ಫೋನ್ ಎಲ್ಲಿ ಇಟ್ಟೀನಿ ಅಂತ ಮರ್ತು ಮಲಗಾವ."

ಅಷ್ಟರಲ್ಲಿ ಕಟ್ಟೆಯ ಮೇಲಿದ್ದ ಫೋನು ಗುಂಯ್ ಎಂದಿತು. ನನ್ನ ಎದೆ ಎಂದಿನಂತೆ ಝಲ್ಲೆಂದಿತು. ಯಾರದು ಎಂದು ಎರಡೆರಡು ಸಲ ಓದಿ ನೋಡಿದೆ. ಸೆಂಟರಿನಿಂದ, ಆ ಕೂಸಿನ ಕಾರ್ಡಿನದೇ. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಒಂದೊಂದೇ ಅಂಕಿ ಓದತೊಡಗಿದೆ.