ಮಂಗಟ್ಟೆಗಾಗಿ ಬಳಸಿ ಹೋದ ಲೈನು

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ಕೊಲ್ಲಮೊಗ್ರು ಭಾಗದ ಲೈನ್‌ಮ್ಯಾನ್ ಆಗಿದ್ದೆ. ಬಾಗಲಕೋಟೆಯ ಬಯಲಿನಿಂದ ಬಂದವನು ಕಾಡಂಚಿನ ಆ ಊರಿನಲ್ಲಿ ಹನ್ನೆರಡು ವರ್ಷ ಕಳೆದಿದ್ದೆ. ಮಳೆಗಾಲಕ್ಕೆ ಮೊದಲು ತಂತಿಗೆ ತಾಗುವ ಗೆಲ್ಲು, ಮರಗಳನ್ನು ಕಡಿಯುವುದು ನಮ್ಮ ಏಪ್ರಿಲ್ ತಿಂಗಳ ಕೆಲಸ. ಅದಕ್ಕೆ ‘ಜಂಗಲ್ ಕಟಿಂಗ್’ ಎನ್ನುತ್ತೇವೆ.

ಆ ವರ್ಷದ ಪಟ್ಟಿಯಲ್ಲಿ ಒಂದು ಭಾರೀ ತಾರೆ ಮರವಿತ್ತು. ಅರ್ಧ ಒಣಗಿ ಲೈನಿನ ಕಡೆಗೆ ವಾಲಿತ್ತು. ಅದರಾಚೆ ಇದ್ದದ್ದು ಎರಡೇ ಮನೆ, ಸೀತಕ್ಕನದು ಮತ್ತು ಪುಟ್ಟಣ್ಣ ಗೌಡರದು. ನಾವು ಗರಗಸ ಹಿಡಿದು ಹೋದಾಗ ಅರುವತ್ತು ದಾಟಿದ ಸೀತಕ್ಕ ಮರದ ಬುಡದಲ್ಲೇ ನಿಂತಿದ್ದರು.

“ಈಗ ಕಡಿಯುದು ಬೇಡ ಅಣ್ಣ. ಪೊಟರೆಯಲ್ಲಿ ಮಂಗಟ್ಟೆ ಹಕ್ಕಿ ಉಂಟು. ಹೆಣ್ಣು ಮರಿ ಮಾಡ್ಲಿಕ್ಕೆ ಒಳಗೆ ಕೂತು ಬಾಗಿಲು ಮುಚ್ಚಿಕೊಂಡಿದೆ.”

ಮೇಲೆ ನೋಡಿದೆ. ಪೊಟರೆಯ ಬಾಯಿಗೆ ಮೆತ್ತಿದ ಗೋಡೆ, ನಡುವೆ ಬೆರಳಗಲದ ಸೀಳು. ಅದರಲ್ಲಿ ಹಳದಿ ಕೊಕ್ಕಿನ ತುದಿ ಕಂಡಿತು.

ನಮ್ಮ ಎಂಜಿನಿಯರ್ ಜೆ.ಇ.ಗೆ ಫೋನ್ ಮಾಡಿದೆ. “ಮರ ಬಿದ್ದು ತಂತಿ ತುಂಡಾಗಿ ಯಾರಾದರೂ ಸತ್ತರೆ ಜವಾಬ್ದಾರಿ ಯಾರದ್ದು?” ಎಂದರು. ಅವರು ಕೇಳಿದ್ದು ತಪ್ಪಲ್ಲ. ಮರಿ ಹಾರುವವರೆಗೆ ಆ ಎರಡು ಮನೆಗಳ ಲೈನ್ ಬಿಚ್ಚಿಡುವ ಯೋಚನೆ ಮಾಡಿದೆ. ಸೀತಕ್ಕ ಕೂಡಲೇ ಒಪ್ಪಿದರು.

ಸುದ್ದಿ ತಿಳಿದು ಪುಟ್ಟಣ್ಣ ಸಿಟ್ಟಿನಲ್ಲಿ ಬಂದರು. “ಹೆಂಡತಿ ಹಾಸಿಗೆ ಹಿಡಿದು ಎರಡು ವರ್ಷ ಆಯ್ತು ಮಾರಾಯ್ರೆ. ಆ ಗಾಳಿಹಾಸಿಗೆಯ ಮೋಟಾರು ನಿಂತರೆ ಬೆನ್ನಲ್ಲಿ ಹುಣ್ಣಾಗ್ತದೆ. ಹಕ್ಕಿಗೋಸ್ಕರ ನಾನು ಎಂತ ಮಾಡುದು?”

ಮರ ಕಡಿಯದೆ ಬೇರೆ ದಾರಿಯಿಲ್ಲ ಎಂದೇ ಅನಿಸಿತು. ಮರವನ್ನು ಸುತ್ತುಬಳಸಿ ಲೈನ್ ಒಯ್ಯಬಹುದಾಗಿದ್ದ ಒಂದೇ ಜಾಗ ಪುಟ್ಟಣ್ಣನ ಗೇರುಗುಡ್ಡೆ. ಅಲ್ಲಿ ಕಂಬ ಹಾಕಲು ಅವರು ಹಿಂದೆ ಎರಡು ಸಲ ಒಪ್ಪಿರಲಿಲ್ಲ.

ಅಷ್ಟರಲ್ಲಿ ಗಂಡು ಹಕ್ಕಿ ಬಂತು. ನಮ್ಮನ್ನು ಕಂಡು ದೂರದ ಮರದಲ್ಲಿ ಕುಳಿತಿತು. ನಾವೆಲ್ಲ ಹಿಂದೆ ಸರಿದು ಪೊದೆಯ ಮರೆಗೆ ನಿಂತೆವು. ಬಹಳ ಹೊತ್ತಿನ ಮೇಲೆ ಅದು ಪೊಟರೆಗೆ ಬಂದು, ಗಂಟಲಿನಿಂದ ಒಂದೊಂದೇ ಗೋಳಿಹಣ್ಣು ತೆಗೆದು ಸೀಳಿನೊಳಗೆ ಕೊಟ್ಟಿತು.

“ಎಷ್ಟು ದಿನ ಹೀಗೆ?” ಪುಟ್ಟಣ್ಣ ಮೆಲ್ಲಗೆ ಕೇಳಿದರು.

“ಮೂರು ತಿಂಗಳ ಹತ್ತಿರ. ಅದು ಬಾರದಿದ್ದರೆ ಒಳಗಿರುವುದಕ್ಕೆ ಬೇರೆ ಗತಿ ಇಲ್ಲ,” ಎಂದರು ಸೀತಕ್ಕ.

ಪುಟ್ಟಣ್ಣ ಆ ಸೀಳಿನತ್ತ ನೋಡಿ, ಹೆಂಡತಿ ಮಲಗಿದ್ದ ಮನೆಯ ಕಡೆಗೂ ನೋಡಿದರು. ಆಮೇಲೆ ನನ್ನ ಕಡೆಗೆ ತಿರುಗಿ, “ಕಂಬ ನನ್ನ ಗುಡ್ಡೆಯಲ್ಲಿ ಹಾಕಿ. ಆದರೆ ಕರೆಂಟು ಒಂದು ದಿನವೂ ಹೋಗಬಾರದು,” ಎಂದರು.

ಜೆ.ಇ. ಮೂರು ಕಂಬ ಮಂಜೂರು ಮಾಡಿಸಿಕೊಟ್ಟರು. ಲಾರಿ ಹೋಗದ ಆ ಏರಿನಲ್ಲಿ ಊರಿನ ಹದಿನಾರು ಮಂದಿ ಸಿಮೆಂಟ್ ಕಂಬಗಳನ್ನು ಹಗ್ಗ, ಬಿದಿರು ಕಟ್ಟಿ ಹೆಗಲ ಮೇಲೆ ಹೊತ್ತರು. ಸೀತಕ್ಕನ ಪುನರ್ಪುಳಿ ಶರಬತ್ತು, ತುಳು, ಅರೆಭಾಷೆ, ನನ್ನ ಬಾಗಲಕೋಟೆ ಕನ್ನಡ, ಎಲ್ಲರ ನಗು. ನಾಲ್ಕನೆಯ ದಿನ ಹೊಸ ಲೈನ್ ಚಾರ್ಜ್ ಮಾಡಿ ಕರೆಂಟು ಹರಿಸಿದೆವು. ಜೋಡಿಸುವಾಗ ಕರೆಂಟು ನಿಂತದ್ದು ಇಪ್ಪತ್ತು ನಿಮಿಷ. ಅಷ್ಟೂ ಹೊತ್ತು ಪುಟ್ಟಣ್ಣ ಹೆಂಡತಿಯನ್ನು ಮಗ್ಗುಲಿಗೆ ತಿರುಗಿಸಿ ಹಿಡಿದು ಕುಳಿತಿದ್ದರಂತೆ.

ಮೇ ತಿಂಗಳ ಕೊನೆಗೆ ಅವರ ಫೋನ್ ಬಂತು. “ಮರಿ ಹಾರಿತು ಮಾರಾಯ್ರೆ. ರೆಕ್ಕೆಯ ಸದ್ದು ಇವಳಿಗೂ ಕೇಳಿತು. ಎಂತ ಅದು ಅಂತ ಕೇಳಿದಳು. ಎಷ್ಟೋ ದಿನದ ಮೇಲೆ ಅವಳಾಗಿಯೇ ಮಾತಾಡಿದ್ದು.”

ಈಗ ನಿವೃತ್ತನಾಗಿ ಮರಳಿದ ನಮ್ಮೂರಿನ ಬಯಲಿನಲ್ಲಿ ಕಣ್ಣಳತೆಯವರೆಗೂ ಲೈನು ನೇರ ಹೋಗುತ್ತದೆ. ನೋಡಿದಾಗಲೆಲ್ಲ ಆ ಗೇರುಗುಡ್ಡೆಯ ಮೂರು ಕಂಬಗಳು ನೆನಪಾಗುತ್ತವೆ. ನನ್ನ ಕೆಲಸ ಕಲಿಸಿದ್ದು ಇಷ್ಟೇ: ಗರಗಸ ಎತ್ತುವ ಮೊದಲು ಸ್ವಲ್ಪ ಹಿಂದೆ ಸರಿದು ನಿಲ್ಲಬೇಕು. ಸಿಟ್ಟಿನಲ್ಲಿ ಬಂದವರನ್ನೂ ಪಕ್ಕದಲ್ಲೇ ನಿಲ್ಲಿಸಿಕೊಳ್ಳಬೇಕು.