ಬೆಚ್ಚಗಿರಬೇಕಾದ ನೀರು

ದೇವರು ಅವಳ ಕೈಗೆ ತಾಳ್ಮೆ ಕೊಟ್ಟ, ನಾಲಿಗೆಗೆ ಕೊಡುವುದನ್ನು ಮರೆತ ಎಂದು ಅವಳ ಗಂಡನೇ ಹೇಳುತ್ತಿದ್ದ. ಆತ ದರ್ಜಿ, ಮೆತ್ತಗಿನ ಮನುಷ್ಯ. ಹೆಂಡತಿ ಸಿಟ್ಟಾದಾಗ ಹೊಲಿಗೆ ಯಂತ್ರವನ್ನು ಜೋರಾಗಿ ತುಳಿಯುತ್ತಿದ್ದ, ಏನೂ ಕೇಳಿಸದಿರಲಿ ಎಂದು. ದೋಣಿ ಹತ್ತುವ ಕಡವಿನಲ್ಲಿ ಜನ ಅವಳ ಬೆನ್ನ ಹಿಂದೆ ಗುಡುಗಕ್ಕ ಎನ್ನುತ್ತಿದ್ದರು. ಎದುರಿಗೆ ಬರೀ ಅಕ್ಕ.

ಗಂಡನ ಅಂಗಡಿಗೆ ಅಂಟಿಕೊಂಡ ತಗಡಿನ ಶೆಡ್ಡಿನಲ್ಲಿ ಅವಳು ದೋಣಿ ಎಂಜಿನ್‌ಗಳನ್ನು ರಿಪೇರಿ ಮಾಡುತ್ತಿದ್ದಳು. ಅಪ್ಪ ಕಲಿಸಿದ ವಿದ್ಯೆ. ಅಪ್ಪ ಹೋದ ಮೇಲೆ ಸ್ಪ್ಯಾನರುಗಳು ಮಗಳ ಪಾಲಿಗೆ ಬಂದವು. ಜನರನ್ನು ಹೊಳೆ ದಾಟಿಸುವ ದೋಣಿಯೂ ಅದರ ಹಿಂಬದಿಗೆ ತೂಗುವ ಹಳೆಯ ಎಂಜಿನ್ನೂ ಮಗನ ಪಾಲಿಗೆ.

ಆ ಎಂಜಿನ್ ಹೊಳೆಯ ನೀರನ್ನೇ ಹೀರಿ ಮೈ ತಂಪು ಮಾಡಿಕೊಳ್ಳುವಂಥದ್ದು. ಕೆಳಗಿನ ಜಾಲರಿಯಿಂದ ಒಳಗೆ ಹೋದ ನೀರು ಎಂಜಿನ್ನಿನ ಒಳಗೆಲ್ಲ ಸುತ್ತಿ ಹಿಂದಿನ ಸಣ್ಣ ತೂತಿನಿಂದ ದಾರದ ಹಾಗೆ ಹೊರಗೆ ಚಿಮ್ಮುತ್ತದೆ. ನೀರು ಓಡದಿದ್ದರೆ ಎಂಜಿನ್ ಕಾಯುತ್ತದೆ, ಕಾದರೆ ನಡುಹೊಳೆಯಲ್ಲಿ ನಿಲ್ಲುತ್ತದೆ. ಅಲ್ಲಿ ನಿಂತ ದೋಣಿಯನ್ನು ಸೆಳೆತ ನೇರವಾಗಿ ಕೆಳಗಿನ ಬಂಡೆಗಳತ್ತ ಒಯ್ಯುತ್ತದೆ. ಅದಕ್ಕೇ ಅವಳು ಹತ್ತುವವರಿಗೆಲ್ಲ ಹೇಳಿಕೊಟ್ಟಿದ್ದಳು, ಮೊದಲು ನೀರಿನ ದಾರ ನೋಡಿ, ಆಮೇಲೆ ಕಾಲಿಡಿ ಎಂದು. ಆಚೆ ದಡದ ಹೆಂಚಿನ ಕಾರ್ಖಾನೆಗೆ ಹೋಗುವವರು, ದಾದಿ, ಸೊಪ್ಪು ಮಾರುವ ಅಜ್ಜಿ, ಎಲ್ಲರೂ ಬಗ್ಗಿ ಒಮ್ಮೆ ದಾರ ನೋಡಿಯೇ ಹತ್ತುತ್ತಿದ್ದರು.

ಒಂದು ಬೆಳಗ್ಗೆ ದೋಣಿ ನಡೆಸುವ ಅವಳ ತಮ್ಮ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತ. ಎಂಜಿನ್ ಹಿಂದಿನ ದಿನವೂ ನಡುಹೊಳೆಯಲ್ಲಿ ಕೈಕೊಟ್ಟಿತ್ತು. ವಾರದಲ್ಲಿ ಮೂರನೆಯ ಸಲ. ಹುಟ್ಟು ಹಾಕಿ ಹಾಕಿ ಅವನ ಅಂಗೈ ಬೊಬ್ಬೆ ಎದ್ದಿತ್ತು. ಮಧ್ಯಾಹ್ನ ಮೂರರ ಪಾಳಿಗೆ ಇಪ್ಪತ್ತು ಜನರನ್ನು ದಾಟಿಸಬೇಕಿತ್ತು.

"ಕಾರ್ಬುರೇಟರೇ ಇರಬೇಕು ಅಕ್ಕ."

"ಹೋದ ವಾರ ನೀನು ಹಾಗಂದೆ ಅಂತಲೇ ಬಿಚ್ಚಿದೆ. ಹಸುಗೂಸಿಗೆ ನೀರು ಹಾಕೋ ಹಾಗೆ ತೊಳೆದುಕೊಟ್ಟೆ. ನೀರಿನ ದಾರ ಬರ್ತಿದೆಯಾ?"

"ಬಂದು ನೀನೇ ನೋಡು. ಭರ್ಜರಿಯಾಗಿ ಬರ್ತಿದೆ."

ಹೋಗಿ ನೋಡಿದಳು. ದೋಣಿಯನ್ನು ಕಟ್ಟೆಗೆ ಕಟ್ಟಿಯೇ ಎಂಜಿನ್ ಶುರು ಮಾಡಿಸಿದಳು. ದಾರ ನಿಜಕ್ಕೂ ದಪ್ಪಗಿತ್ತು. ಜಾಲರಿಗೆ ಕೈಹಾಕಿ ಸವರಿದಳು, ಪಾಚಿಯಿಲ್ಲ, ಪ್ಲಾಸ್ಟಿಕ್ಕಿಲ್ಲ. ಹತ್ತು ನಿಮಿಷ ಕಳೆಯಿತು. ಎಂಜಿನ್ನಿನ ತಲೆಗೆ ಒದ್ದೆ ಬೆರಳು ತಾಗಿಸಿದರೆ ಚುರ್ ಎಂದಿತು. ಅದೇ ಬೆರಳನ್ನು ದಾರಕ್ಕೆ ಹಿಡಿದಳು. ಹೊಳೆಯಷ್ಟೇ ತಣ್ಣಗಿತ್ತು.

"ಹಣೆ ಸುಡ್ತಿದೆ, ಬೆವರು ಮಾತ್ರ ಐಸಿನ ಹಾಗೆ. ಇದೆಂಥ ಜ್ವರ?" ಎಂದು ಗೊಣಗಿದಳು.

ಅಷ್ಟರಲ್ಲಿ ಎಂಜಿನ್ ಎರಡು ಸಲ ಬಿಕ್ಕಿ ತಾನಾಗಿಯೇ ನಿಂತುಹೋಯಿತು. ಯಾರೂ ಕೀಲಿ ತಿರುಗಿಸಿರಲಿಲ್ಲ. ನೀರಿನ ದಾರ ಮಾತ್ರ ನಿಲ್ಲಲಿಲ್ಲ. ಸತ್ತ ಎಂಜಿನ್ನಿನಿಂದ ಚಿಮ್ಮುತ್ತಲೇ ಇತ್ತು.

ಅವಳು ದಾರವನ್ನು ನೋಡಿದಳು, ತಮ್ಮನನ್ನು ನೋಡಿದಳು. ತಮ್ಮ ಆಚೆ ದಡ ನೋಡುತ್ತಿದ್ದ.

ಹಿಂದಿನ ಹಲಗೆ ಎತ್ತಿದಳು. ಹರಿದ ಗೋಣಿಚೀಲದ ಕೆಳಗೆ, ಬ್ಯಾಟರಿಯ ಪಕ್ಕ, ಮುಷ್ಟಿಯಷ್ಟು ದೊಡ್ಡ ಕರೆಂಟಿನ ಪಂಪು ಗುಂಯ್‌ಗುಟ್ಟುತ್ತಿತ್ತು. ಅದರಿಂದ ಹೊರಟ ತೆಳುವಾದ ಪೈಪು ವೈರುಗಳ ಜೊತೆ ಕದ್ದು ಸಾಗಿ ಆ ತೂತಿಗೇ ಹೋಗಿ ಸೇರಿತ್ತು. ಪಂಪು ಹೊಳೆಯಿಂದ ನೀರೆತ್ತಿ ನೇರ ಹೊರಗೆ ಚೆಲ್ಲುತ್ತಿತ್ತು. ಎಂಜಿನ್ನಿಗೂ ಆ ನೀರಿಗೂ ಸಂಬಂಧವೇ ಇರಲಿಲ್ಲ.

"ಯಾವಾಗಿಂದ?"

"ಎರಡು ತಿಂಗಳಾಯ್ತು."

"ಅಮ್ಮ ಕಣ್ಣಿನ ಆಸ್ಪತ್ರೆಗೆ ಹೋಗಿದ್ದು ಇದರಲ್ಲೇ. ನಾನು ಹೇಳಿಕೊಟ್ಟ ಹಾಗೆ ದಾರ ನೋಡಿಕೊಂಡು ಹತ್ತಿದಳು, ಮಂಜುಗಣ್ಣಲ್ಲಿ. ನೀನೇ ಕೈಹಿಡಿದು ಹತ್ತಿಸಿದೆ."

"ದಾರ ಸಣ್ಣಗಾಗ್ತಾ ಬಂತು. ತಂತಿ ಹಾಕಿ ತೂತು ಚುಚ್ಚಿ ನೋಡಿದೆ, ಸರಿಹೋಗಲಿಲ್ಲ. ಜನ ಹತ್ತೋಕೆ ಹಿಂದೆಮುಂದೆ ನೋಡಿದ್ರು."

"ನೋಡಲೇಬೇಕು. ನನಗ್ಯಾಕೆ ಹೇಳಲಿಲ್ಲ?"

ಅವನು ಹಗ್ಗದ ತುದಿ ಹಿಸುಕುತ್ತ ಹೇಳಿದ, "ದೋಣೀನ ಮರಳಿನ ದಿಬ್ಬಕ್ಕೆ ಹತ್ತಿಸಿಬಿಟ್ಟಿದ್ದೆ. ಹೇಳಿದ್ರೆ ನೀನು ಎರಡೂ ದಡಕ್ಕೆ ಕೇಳೋ ಹಾಗೆ ಬಯ್ತಿದ್ದೆ. ನಿನ್ನ ಬಾಯಿಗೆ ಹೆದರಿದೆ ಅಕ್ಕ."

"ನನ್ನ ಬಾಯಿಗೆ ಹೆದರಿದೆ. ಬಂಡೆಗೆ ಹೆದರಲಿಲ್ಲ."

ಆದರೆ ಅವನ ಮಾತು ಅವಳಿಗೆ ನಾಟಿತು. ಅದರಲ್ಲಿ ಸುಳ್ಳಿರಲಿಲ್ಲ ಎಂಬುದೇ ಅವಳ ಸಿಟ್ಟನ್ನು ಇಮ್ಮಡಿ ಮಾಡಿತು. ಪಂಪಿನ ವೈರನ್ನು ಕತ್ತರಿಸಲೂ ಇಲ್ಲ, ಕಿತ್ತೇ ತೆಗೆದಳು.

ಇಬ್ಬರೂ ಎಂಜಿನ್ ಹೊತ್ತು ಶೆಡ್ಡಿಗೆ ತಂದರು. ಕೆಳಭಾಗದ ನಾಲ್ಕು ಬೋಲ್ಟುಗಳಲ್ಲಿ ಮೂರು ಬಂದವು, ನಾಲ್ಕನೆಯದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಸೀಮೆಎಣ್ಣೆ ಬಿಟ್ಟಳು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಳು, ಕಾಯಿಸಿದಳು. ಒಂದೊಂದು ಏಟಿಗೂ ತಮ್ಮನಿಗೆ ಒಂದೊಂದು ಮಾತು ಬೀಳುತ್ತಿತ್ತು. ಕೈ ಮಾತ್ರ ಒಮ್ಮೆಯೂ ಜೋರಾಗಲಿಲ್ಲ.

ಕೊನೆಗೆ ಬೋಲ್ಟು ಬಂತು, ಒಳಗೆ ನೀರು ತಳ್ಳುವ ರಬ್ಬರ್ ಚಕ್ರ ಕಂಡಿತು. ಆರು ರೆಕ್ಕೆ ಇರಬೇಕಾದಲ್ಲಿ ಮೂರು ಉಳಿದಿದ್ದವು, ಮಿಕ್ಕವನ್ನು ದಿಬ್ಬದ ಮರಳು ಒಳಹೊಕ್ಕು ಮುರಿದಿತ್ತು. ಅವಳು ಕಪಾಟಿನಿಂದ ಡಬ್ಬಿ ತೆಗೆದು ಎಣ್ಣೆಕಾಗದ ಬಿಡಿಸಿದಳು. ಒಳಗೆ ಹೊಸ ಚಕ್ರ.

"ಈ ಎಂಜಿನ್ನಿಗೆ ಅಂತಲೇ ಎರಡು ವರ್ಷದಿಂದ ಇಟ್ಟಿದ್ದೆ. ಒಂದು ಬೆಳಗಿನ ಕೆಲಸ ಇದು. ಒಂದು ಬೆಳಗಿನ ಕೆಲಸಕ್ಕೆ ಎರಡು ತಿಂಗಳು ಜನರ ಜೀವ ಒತ್ತೆಯಿಟ್ಟೆ."

"ಬಯ್ದಿದ್ದು ಸಾಕು, ಹಾಕಿಬಿಡು. ಗಂಟೆ ಒಂದಾಯ್ತು."

"ಹಾಕ್ತೀನಿ. ಮುರಿದ ಮೂರು ರೆಕ್ಕೆ ಎಲ್ಲಿ? ಹಾರಿಹೋದವಾ?"

ಅವನಿಗೆ ಅದು ಹೊಳೆದೇ ಇರಲಿಲ್ಲ. ಮುರಿದ ಚೂರುಗಳು ನೀರಿನ ಜೊತೆ ಮೇಲಕ್ಕೆ ಹೋಗಿ ಎಲ್ಲೋ ಸಿಕ್ಕಿಕೊಂಡಿರುತ್ತವೆ. ಅವು ಇರುವವರೆಗೆ ಹೊಸ ಚಕ್ರ ಹಾಕಿದರೂ ನೀರಿಗೆ ದಾರಿ ಇರುವುದಿಲ್ಲ. ನೀರು ಮೇಲೇರುವ ತಾಮ್ರದ ಕೊಳವೆಗೆ ಮೇಲಿನಿಂದ ನೀರು ಬಿಟ್ಟಳು, ಎರಡು ಚೂರು ಉದುರಿದವು. ಮೂರನೆಯದು ಸಿಗಲಿಲ್ಲ. ದರ್ಜಿ ಊಟಕ್ಕೆ ಕರೆಯಲು ಬಂದು, ಹೆಂಡತಿಯ ಮುಖ ನೋಡಿ, ಕರೆಯದೆ ಹಿಂದಿರುಗಿದ. ಎರಡು ಗಂಟೆಗೆ, ಎಂಜಿನ್ನಿನ ತಲೆಯ ಬಳಿಯ ಮುಚ್ಚಳದ ಹಿಂದೆ ಅವಿತಿದ್ದ ಕಪ್ಪು ಚೂರನ್ನು ಗಂಡನ ಸೂಜಿಯಿಂದಲೇ ಮೀಟಿ ತೆಗೆದಳು. ಮೂರನ್ನೂ ತಮ್ಮನ ಅಂಗೈಯ ಬೊಬ್ಬೆಯ ಮೇಲಿಟ್ಟಳು.

ಕಡವಿನಲ್ಲಿ ಜನ ಸೇರಿದ್ದರು. ಎಂಜಿನ್ ಕೂರಿಸುವಾಗ ತಮ್ಮ ಅವಳ ಕಿವಿಯ ಹತ್ತಿರ ಬಂದ. "ಪಂಪಿನ ವಿಷಯ ಬೇಡ ಅಕ್ಕ. ಮಾನ ಹೋಗುತ್ತೆ."

"ಇವರು ದಾರ ನಂಬಿದ್ದು ನನ್ನ ಮಾತಿಂದ. ಹೋಗಿರೋದು ನನ್ನ ಮಾನ."

ಪಂಪನ್ನು ಕಡವಿನ ಟಿಕೆಟ್ ಕಿಟಕಿಯ ಮೊಳೆಗೆ ನೇತುಹಾಕಿ ಅದೇನೆಂದು ಎಲ್ಲರಿಗೂ ಹೇಳಿದಳು. ಕಾರ್ಖಾನೆಯವನೊಬ್ಬ ತಮ್ಮನ ಕಡೆ ನೋಡಿ ಕಾಲಬುಡಕ್ಕೆ ಉಗಿದ. ಕೊನೆಗೆ ದಾದಿ ಕೇಳಿದಳು, "ಹಾಗಾದ್ರೆ ಇನ್ನು ಏನು ನೋಡಿ ಹತ್ತೋದು?"

"ನೋಡಬೇಡಿ, ಮುಟ್ಟಿ. ಹತ್ತು ನಿಮಿಷ ಓಡಿದ ಮೇಲೆ ಈ ನೀರು ಬೆಚ್ಚಗಿರಬೇಕು. ತಣ್ಣಗೇ ಇದ್ರೆ ಅನುಮಾನ ಪಡಿ. ಕೈ ಸುಟ್ರೆ ಮನೆಗೆ ಹೋಗಿ."

ಹತ್ತು ನಿಮಿಷ ಎಲ್ಲರೂ ಕಾದರು. ಮೊದಲು ಸೊಪ್ಪಿನಜ್ಜಿ ಬುಟ್ಟಿ ಇಳಿಸಿ ಬೆರಳು ಚಾಚಿದಳು.

"ಅಜ್ಜಿ, ಸ್ನಾನಕ್ಕೆ ಸಾಕಾ?" ಎಂದ ಹಿಂದಿನಿಂದ ಒಬ್ಬ.

"ನಿನ್ನ ಮೂತಿ ತೊಳೆಯೋಕೆ ಸಾಕು. ಬೆಚ್ಚಗಿದೆ ಮಗಳೇ," ಎಂದು ಕಾಲೆತ್ತಿದಳು ಅಜ್ಜಿ.

"ಇನ್ನೂ ಸ್ವಲ್ಪ ಹೊತ್ತು ಹಿಡಿದಿರು. ಅವಸರದಲ್ಲಿ ನಂಬಬೇಡ," ಎಂದಳು ಅಕ್ಕ. ಆಮೇಲೆ ತಾನೂ ಹತ್ತಿ ಎಂಜಿನ್ ಪಕ್ಕ ಕೂತಳು. ಆಚೆ ದಡ ಮುಟ್ಟುವವರೆಗೂ ತಮ್ಮನನ್ನು ಬಯ್ಯುತ್ತಲೇ ಹೋದಳು.

ಪಂಪು ಇಂದಿಗೂ ಆ ಮೊಳೆಯ ಮೇಲಿದೆ. ಅಂದು ಉಗಿದ ಕಾರ್ಖಾನೆಯವನು ಈಗಲೂ ತಮ್ಮನ ಜೊತೆ ಮಾತಾಡುವುದಿಲ್ಲ. ದೋಣಿಯ ತಳ ಎಲ್ಲಾದರೂ ಮರಳಿಗೆ ತಾಗಿದ ದಿನ ತಮ್ಮ ನೇರವಾಗಿ ಶೆಡ್ಡಿಗೆ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ.

"ಮೊದಲು ಬಯ್ದು ಮುಗಿಸು ಅಕ್ಕ. ಆಮೇಲೆ ಏನಾಯ್ತು ಹೇಳ್ತೀನಿ."

ಪಕ್ಕದ ಅಂಗಡಿಯಲ್ಲಿ ಹೊಲಿಗೆ ಯಂತ್ರ ಜೋರಾಗಿ ಓಡತೊಡಗುತ್ತದೆ.