ಕುಳ್ಳ ತಿರುಗಿ ನೋಡುವ ಮೊದಲು

ಕಾಕನಕೋಟೆ ಕಾಡಂಚಿನ ಹಾಡಿಯಿಂದ ಹೆಗ್ಗಡದೇವನಕೋಟೆಯ ನಮ್ಮ ಬೀದಿಗೆ ಪೊರಕೆ ಮಾರಲು ಬರುತ್ತಿದ್ದವಳು ಸಣ್ಣಿ. ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟರೆ ಗಂಡನ ಮಾತು ತೆಗೆಯುತ್ತಿದ್ದಳು. ಕುಳ್ಳ ಎಂಬುದು ಅವನ ಹೆಸರು. ಜೇನು ಕೀಳಲು ಹತ್ತಿದ ಮರದಿಂದ ಬಿದ್ದು ಸತ್ತು ವರ್ಷವಾಗಿತ್ತು. ಸತ್ತವನ ಕತ್ತಿ, ಕಂಬಳಿ, ಎಲೆಯಡಿಕೆ ಚೀಲ ಎಲ್ಲವನ್ನೂ ಅವನ ಜೊತೆಗೇ ಮಣ್ಣಿಗೆ ಹಾಕುವುದು ಆ ಹಾಡಿಯವರ ಪದ್ಧತಿ. ಅವಳ ಗುಡಿಸಲಲ್ಲಿ ಕುಳ್ಳನದೆಂಬ ಒಂದು ನೂಲೆಳೆಯೂ ಉಳಿದಿರಲಿಲ್ಲ. ಫೋಟೊವನ್ನಂತೂ ಯಾರೂ ತೆಗೆದಿರಲಿಲ್ಲ.

ಆದರೆ ಅವನು ಸಾಯುವುದಕ್ಕೆ ಹಿಂದಿನ ಬೇಸಿಗೆಯಲ್ಲಿ ಬೆಂಗಳೂರಿನ ನಿರ್ದೇಶಕರೊಬ್ಬರು ಆ ಕಾಡಿನಲ್ಲಿ ಸಿನಿಮಾ ತೆಗೆದಿದ್ದರು. ಕುಳ್ಳನನ್ನು ಒಂದು ಬಂಡೆಯ ಮೇಲೆ, ಕ್ಯಾಮೆರಾಕ್ಕೆ ಬೆನ್ನು ಹಾಕಿ ಕೂರಿಸಿದ್ದರು.

“ಸುಮ್ಕೆ ಕೂತ್ಕೊ ಅಂದ್ರು. ಕೂತ, ಕೂತ, ಕೂತೇ ಇದ್ದ. ಆಮ್ಯಾಕೆ ತಿರುಗಿ ನನ್ನ ನೋಡ್ದ. ನಾನು ಆ ಮಿಷನ್ ಪಕ್ಕದಾಗೇ ನಿಂತಿದ್ದೆ ಕಣವ್ವಾ,” ಎನ್ನುತ್ತಿದ್ದಳು. ಆ ಸಿನಿಮಾ ನಮ್ಮೂರಿಗೆ ಬಂದರೆ ಅವನ ಮುಖವನ್ನು ಇನ್ನೊಮ್ಮೆ ನೋಡಬೇಕು, ಅಷ್ಟೇ ಅವಳ ಆಸೆ.

ಎಪ್ಪತ್ತೈದರಲ್ಲಿ ಅದು ನಮ್ಮೂರ ಚನ್ನಬಸವಣ್ಣನವರ ಸಿನಿಮಾ ಟೆಂಟಿಗೆ ಬಂತು. ಸೋಮವಾರ ಈಶ್ವರನ ಗುಡಿಯಲ್ಲಿ ದೀಪ ಹಚ್ಚಿ, ಅವಳನ್ನು ಕರೆದುಕೊಂಡು ಮೊದಲನೇ ಆಟಕ್ಕೆ ಹೋದೆ. ಹೆಂಗಸರ ಕಡೆ ಮರಳಿನ ಮೇಲೆ ಕೂತೆವು.

ಸಿನಿಮಾದಲ್ಲಿ ಹಾಡಿರಲಿಲ್ಲ, ಹೊಡೆದಾಟವಿರಲಿಲ್ಲ. ಅರ್ಧ ಗಂಟೆ ಜನ ಹೇಗೋ ತಡೆದುಕೊಂಡರು. ಆಮೇಲೆ ಪರದೆಯ ಮೇಲೆ ಬಂಡೆ ಬಂತು, ಬಂಡೆಯ ಮೇಲೆ ಕುಳ್ಳನ ಬೆನ್ನು. ಸಣ್ಣಿ ನನ್ನ ಕೈ ಹಿಡಿದಳು. ಬೆನ್ನು ಅಲ್ಲಾಡಲಿಲ್ಲ. ಸಂಗೀತವೂ ಇಲ್ಲ, ಯಾವುದೋ ಹಕ್ಕಿಯ ಕೂಗು ಮಾತ್ರ.

“ಲೇ ಬೆಟ್ಟಸ್ವಾಮಿ, ಮಿಷನ್ ಕೆಟ್ಟೋಯ್ತೇನ್ಲಾ?” ಎಂದು ಗಂಡಸರ ಕಡೆಯಿಂದ ಒಬ್ಬ ಆಪರೇಟರನ್ನು ಕೂಗಿದ.

“ಮಿಷನ್ ಸರ್ಯಾಗದೆ ಕಣ್ಲಾ, ಆಳೇ ಕೆಟ್ಟೋಗವ್ನೆ,” ಎಂದ ಇನ್ನೊಬ್ಬ.

“ಇಂಗೆ ಕೂರಾದ್ನ ನೋಡಕ್ಕೆ ಟೆಂಟಿಗ್ಯಾಕೆ ಬರ್ಬೇಕು? ನಮ್ಮಟ್ಟಿ ಜಗಲಿ ಮ್ಯಾಲೆ ನಮ್ಮಪ್ಪ ದಿನಾ ಕೂತಿರ್ತಾನೆ.”

ನಗು ಸ್ವಲ್ಪ ಹೊತ್ತಿಗೇ ಸಿಟ್ಟಾಯಿತು. ಹಗಲೆಲ್ಲ ರಾಗಿ ಹೊಲದಲ್ಲಿ ಕಳೆ ಕಿತ್ತು ಬಂದಿದ್ದ ಚಿಕ್ಕಸಿದ್ದಮ್ಮ ನಮ್ಮ ಹಿಂದೆಯೇ ಕೂತಿದ್ದಳು. “ನಮ್ ಬಾಳಾಟನ ನಮ್ಗೇ ತೋರ್ಸಿ ಆಡ್ಕೊತಾವ್ರೆ,” ಎಂದು ಎದ್ದು ನಿಂತಳು. ಬೇರೆ ಸಿನಿಮಾಗಳು ಎಲ್ಲಿ ಅಳಬೇಕು, ಎಲ್ಲಿ ನಗಬೇಕು ಎಂದು ಕೈಹಿಡಿದು ನಡೆಸುತ್ತಿದ್ದವು. ಈ ನಿರ್ದೇಶಕರು ಏನನ್ನೂ ಹೇಳದೆ ಸುಮ್ಮನೆ ತೋರಿಸಿದರು. ದಣಿದು ಬಂದವರಿಗೆ ಆ ಮೌನ ತಮ್ಮನ್ನು ಪರೀಕ್ಷೆಗೆ ಕೂರಿಸಿದಂತೆ, ಮನೆಯ ಬಡತನವನ್ನು ಬೆರಳಿಟ್ಟು ತೋರಿಸಿದಂತೆ ಕಂಡಿತು. ಅವರ ಸಿಟ್ಟನ್ನು ತಪ್ಪೆನ್ನಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ.

ಮಣ್ಣಿನ ಹೆಂಟೆಗಳು ಕುಳ್ಳನ ಬೆನ್ನಿಗೆ ಬಿದ್ದವು.

“ಒಡೀಬ್ಯಾಡ್ರಪ್ಪಾ, ಈಗ ತಿರುಗ್ತಾನೆ,” ಎಂದಳು ಸಣ್ಣಿ. ಆ ಗದ್ದಲದಲ್ಲಿ ನನ್ನ ಹೊರತು ಯಾರಿಗೂ ಕೇಳಲಿಲ್ಲ.

ಪರದೆ ಹರಿದೀತೆಂದು ಚನ್ನಬಸವಣ್ಣನವರು ಸನ್ನೆ ಮಾಡಿದರು. ಇಂಥ ಗಲಾಟೆಗೆಂದೇ ಬೆಟ್ಟಸ್ವಾಮಿ ಹಳೆಯ ಸಿನಿಮಾದ ಹಾಡಿನ ರೀಲೊಂದನ್ನು ಇಟ್ಟುಕೊಂಡಿರುತ್ತಿದ್ದ. ಬಂಡೆ ಮಾಯವಾಗಿ ಕುಣಿತ ಬಂತು. ಜನ ಶಿಳ್ಳೆ ಹಾಕಿ ಕೂತರು. ಹಾಡು ಮುಗಿದ ಮೇಲೆ ಬಂಡೆಯ ರೀಲನ್ನು ಅಲ್ಲಿಗೇ ಬಿಟ್ಟು ಸಿನಿಮಾದ ಮುಂದಿನ ರೀಲನ್ನು ಓಡಿಸಿದರು. ಸಣ್ಣಿ ಆಟ ಮುಗಿಯುವವರೆಗೂ ಕಣ್ಣು ಕೀಳದೆ ಕಾದಳು.

“ಇನ್ನೂ ತಿರುಗ್ಲೇ ಇಲ್ವಲ್ಲವ್ವಾ?”

ಮರುದಿನ ಬೆಳಿಗ್ಗೆ ನಾನೇ ಹೋಗಿ, ಬಂಡೆಯ ಮೇಲಿದ್ದವನು ಅವಳ ಗಂಡ ಎಂದು ಬೆಟ್ಟಸ್ವಾಮಿಗೆ ಹೇಳಿದೆ. ಅವನ ಮುಖ ಕಪ್ಪಿಟ್ಟಿತು. ಸಿನಿಮಾದ ಡಬ್ಬಗಳನ್ನು ಮುಂದಿನ ಟೆಂಟಿಗೆಂದು ಪಿರಿಯಾಪಟ್ಟಣದ ಬಸ್ಸಿಗೆ ಹಾಕುವ ಮೊದಲು, ಕೆಲಸ ಹೋದರೆ ಹೋಗಲಿ ಎಂದು ಆ ರೀಲಿನಿಂದ ಗೇಣುದ್ದದ ತುಂಡೊಂದನ್ನು ಕತ್ತರಿಸಿಕೊಂಡ. ಮಧ್ಯಾಹ್ನ ನಮ್ಮ ಜಗಲಿಗೆ ಬಂದು ಅದನ್ನು ಸಣ್ಣಿಯ ಕೈಗೆ ಕೊಟ್ಟ.

“ತಪ್ಪಾಯ್ತು ಕಣವ್ವಾ.”

ಅವಳು ತುಂಡನ್ನು ಬಿಸಿಲಿಗೆ ಹಿಡಿದಳು. ಒಂದೊಂದು ಚೌಕದಲ್ಲೂ ಕುಳ್ಳ ಕೂತಿದ್ದ. ಎಲ್ಲದರಲ್ಲೂ ಬೆನ್ನು. ಅವನು ಕೊನೆಗೆ ತಿರುಗುತ್ತಾನೆಂಬ ಮಾತನ್ನು ನಾನು ಬೆಟ್ಟಸ್ವಾಮಿಗೆ ಹೇಳಿರಲೇ ಇಲ್ಲ. ಬಸ್ಸು ಹೋಗಿಯಾಗಿತ್ತು.

“ಅವ್ನೇ ಕಣಪ್ಪಾ. ಒಳ್ಳೇದಾಗ್ಲಿ ನಿಂಗೆ,” ಎಂದಳು ಸಣ್ಣಿ.

ಮುಂದಿನ ಸಲ ಬಂದಾಗ ಆ ತುಂಡು ಎಲ್ಲೆಂದು ಕೇಳಿದೆ. ಕುಳ್ಳನನ್ನು ಹೂತ ಮಣ್ಣಿಗೇ ಸೇರಿಸಿ ಬಂದಿದ್ದಳು.

“ಅವ್ನದು ಅವ್ನಿಗೇ ಸೇರ್ಬೇಕಲ್ವಾ. ಮಕ ನಂಗೊತ್ತದೆ ಬುಡವ್ವಾ.”

ಎರಡು ಮಳೆಗಾಲ ಕಳೆದ ಮೇಲೆ ಒಂದು ದಿನ ಪೊರಕೆಯ ಹೊರೆ ಇಳಿಸಿ, ಕೊಟ್ಟ ನೀರನ್ನು ಕುಡಿಯದೆ ಪಕ್ಕಕ್ಕಿಟ್ಟಳು.

“ಅವ್ನ ಮೂಗು ಎಂಗಿತ್ತು ಅಂತ ಗ್ಯಾಪಕಕ್ಕೆ ಬತ್ತಿಲ್ಲ ಕಣವ್ವಾ,” ಎಂದಳು.